ಕುದುರೆಯನ್ನು ಈಜಿಸಿದ್ರೆ ಅದರ ಮೈಗೆ ಎಂತ ಆಗ್ತದೆ? ಕೋಣ ಈಜಿಸಿದವರೂ ಹೇಳಿ

ಮಲ್ಪೆಬದಿ:
ನಮಸ್ಕಾರ ಎಲ್ಲರಿಗೂ. ನಮ್ಮಲ್ಲಿ ಒಂದು ಹೆಣ್ಣು ಕುದುರೆ ಉಂಟು, ಮೊದಲು ರೇಸಲ್ಲಿ ಓಡಿದ್ದು, ಈಗ ಒಂಬತ್ತು ವರ್ಷ. ಮುಂದಿನ ಎಡಗಾಲಿನ ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಳೆದುಕೊಂಡು ತುಂಬ ಸಮಯ ರೆಸ್ಟಲ್ಲಿ ಇತ್ತು, ಈಗ ಊತ ಇಲ್ಲ, ನಡೀಲಿಕ್ಕೆ ತೊಂದರೆ ಇಲ್ಲ, ಸ್ಕ್ಯಾನ್ ಮಾಡಿದವರು ನಿಧಾನಕ್ಕೆ ಕೆಲಸ ಕೊಡ್ಲಿಕ್ಕೆ ಶುರು ಮಾಡಿ ಅಂದಿದ್ದಾರೆ. ಆದ್ರೆ ನಿಂತು ನಿಂತು ಹೊಟ್ಟೆ ಬಂದಿದೆ, ಸ್ವಲ್ಪ ನಡೆಸಿದ್ರೆ ಸಾಕು ಏದುಸಿರು. ಪಕ್ಕದ ಮನೆಯ ಅಣ್ಣ ಕಂಬಳದ ಕೋಣ ಸಾಕುವವರು, ಅವರು ದಿನಾ ಒಂದೇ ಮಾತು, "ಹೊಳೆಗೆ ಬಿಡಿ ಮಾರಾಯ್ರೆ, ಈಜಿಸಿ, ಒಂದು ತಿಂಗಳಲ್ಲಿ ಸರಿ ಆಗ್ತದೆ" ಅಂತ. ನಿಜವಾ? ಈಜುವಾಗ ಕುದುರೆಯ ಹಾರ್ಟಿಗೆ, ಉಸಿರಿಗೆ, ಕಾಲಿಗೆ ಎಂತ ಆಗ್ತದೆ ಅಂತ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕರೆಬದಿಯವ:
ನಿಮ್ಮ ಪಕ್ಕದ ಮನೆಯವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾವು ಕಾರ್ಕಳದ ಬದಿ, ಕಂಬಳದ ಸೀಸನ್ ಶುರುವಾಗುವ ಮೊದಲೇ ಕೋಣಗಳನ್ನು ಈಜಿಸ್ಲಿಕ್ಕೆ ಶುರು ಮಾಡ್ತೇವೆ, ಕೆಲವರು ಅದಕ್ಕೆಂತಲೇ ತೋಟದಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದ್ದಾರೆ. ಹುರುಳಿ ಬೇಯಿಸಿ ಹಾಕೋದು, ಎಣ್ಣೆ ತಿಕ್ಕೋದು, ಈಜಿಸೋದು, ಇದೆಲ್ಲ ಆಗದೆ ಕರೆಗೆ, ಅಂದ್ರೆ ಕಂಬಳದ ಓಟದ ಗದ್ದೆಗೆ, ಇಳಿಸುವ ಮಾತೇ ಇಲ್ಲ. ಈಜಿದ ಕೋಣಕ್ಕೆ ದಮ್ಮು ಬರ್ತದೆ, ಭುಜ ತುಂಬ್ತದೆ, ಕಾಲಿಗೆ ಪೆಟ್ಟು ಇಲ್ಲ. ಕೋಣಕ್ಕೆ ಆಗೋದು ಕುದುರೆಗೆ ಯಾಕೆ ಆಗ್ಬಾರದು?

ಹ್ವಾಯ್_ಕುಂದಾಪ್ರ:
ಹ್ವಾಯ್, ಕೋಣ ನೀರಿಗ್ ಇಳ್ದ್ರೆ ಮೇಲ್ ಬಪ್ಪುಕೆ ಕೇಂತಿಲ್ಲೆ, ಕುದ್ರಿ ಇಳುಕೇ ಕೇಂತಿಲ್ಲೆ. ಎರಡೂ ಒಂದೇ ಅಂದ್ರೆ ಹ್ಯಾಂಗೆ ಮರಾಯ್ರೆ 😀

ಡಾಕ್ಟ್ರು_ದನಕುದುರೆ:
ಕುಂದಾಪ್ರದವರು ತಮಾಷೆ ಮಾಡಿದ್ದಾದ್ರೂ ಮಾತು ಹೌದು. ಕೋಣಕ್ಕೆ ಬೆವರಿನ ಗ್ರಂಥಿ ತೀರ ಕಡಿಮೆ, ಮೈ ತಂಪು ಮಾಡ್ಲಿಕ್ಕೆ ಅದಕ್ಕೆ ನೀರೋ ಕೆಸರೋ ಬೇಕೇ ಬೇಕು, ಹಾಗಾಗಿ ಅದು ನೀರಲ್ಲಿ ಆರಾಮ. ಕುದುರೆ ಓಡ್ಲಿಕ್ಕೆ ಹುಟ್ಟಿದ ಪ್ರಾಣಿ, ಮೈತುಂಬ ಬೆವರ್ತದೆ. ಈಜು ಬರ್ತದೆ, ಕಲಿಸ್ಬೇಕಾಗಿಲ್ಲ, ಆದ್ರೆ ಅದು ಸುಲಭದಲ್ಲಿ ಈಜೋದಿಲ್ಲ.

ಮೊದಲು ಹಾರ್ಟ್. ಸುಮ್ಮನೆ ನಿಂತ ಕುದುರೆಯದ್ದು ನಿಮಿಷಕ್ಕೆ 28ರಿಂದ 44, ನಾಗಾಲೋಟ ಅಂದ್ರೆ ಫುಲ್ ಗ್ಯಾಲಪ್‌ನಲ್ಲಿ 220-240ರವರೆಗೂ ಹೋಗ್ತದೆ. ಈಜುವಾಗ 150-180 ಅನ್ನೋದು ಮಾಮೂಲು, ಹೆದರಿದ್ರೆ ಇನ್ನೂ ಮೇಲೆ. ಇಲ್ಲಿ ಜನ ಒಂದು ವಿಷಯ ಮರೀತಾರೆ. ನೆಲದ ಮೇಲೆ ನೀವು ನಡೆಸ್ಲಿಕ್ಕೆ ಆಗ್ತದೆ, ಟ್ರಾಟ್ (ನಿಧಾನದ ಓಟ) ಮಾಡಿಸ್ಲಿಕ್ಕೆ ಆಗ್ತದೆ, ಅಂದ್ರೆ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಏರಿಸ್ಲಿಕ್ಕೆ ಜಾಗ ಉಂಟು, ಆದ್ರೆ ಕಾಲು ನೆಲ ಬಿಟ್ಟ ಕ್ಷಣದಿಂದ "ನಿಧಾನಕ್ಕೆ ಈಜು" ಅಂತ ಕುದುರೆಗೆ ಹೇಳ್ಲಿಕ್ಕೆ ಆಗೋದಿಲ್ಲ, ಅಷ್ಟು ದೊಡ್ಡ ಮೈಯನ್ನು ತೇಲಿಸಿಕೊಳ್ಳಲಿಕ್ಕೇ ಅದು ದುಡೀಬೇಕು. ತಿಂಗಳುಗಟ್ಟಲೆ ನಿಂತ ಕುದುರೆಗೆ ಮೊದಲ ದಿನವೇ ಹೊಳೆ ಅಂದ್ರೆ ಮೊದಲ ದಿನವೇ ಜೋರು ಕೆಲಸ ಅಂತ ಅರ್ಥ.

ಕುದುರೆಯ ಗುಲ್ಮದಲ್ಲಿ, ಅಂದ್ರೆ ಸ್ಪ್ಲೀನ್‌ನಲ್ಲಿ, ಕೆಂಪು ರಕ್ತಕಣದ ದೊಡ್ಡ ಸ್ಟಾಕ್ ಇರ್ತದೆ. ಜೋರು ಕೆಲಸವೋ ಹೆದರಿಕೆಯೋ ಬಂದಾಗ ಅದು ಹಿಂಡಿಕೊಂಡು ಆ ಸ್ಟಾಕ್ ರಕ್ತಕ್ಕೆ ಬರ್ತದೆ, ರಕ್ತದಲ್ಲಿ ಕಣಗಳ ಪಾಲು ವಿಶ್ರಾಂತಿಯಲ್ಲಿ ನೂರಕ್ಕೆ 35-40 ಇದ್ದದ್ದು ರೇಸ್‌ನಲ್ಲಿ 60ರ ಮೇಲೆ ಹೋಗ್ತದೆ. ಆಕ್ಸಿಜನ್ ಸಾಗಿಸ್ಲಿಕ್ಕೆ ಒಳ್ಳೇದೇ, ಆದ್ರೆ ರಕ್ತ ಮಂದ ಆಗ್ತದೆ. ಅದರ ಮೇಲೆ ನೀರು ಎಲ್ಲ ಕಡೆಯಿಂದ ಮೈಯನ್ನು ಒತ್ತುತ್ತದೆ. ಹಾಗಾಗಿ ಈಜುವಾಗ ಬ್ಲಡ್ ಪ್ರೆಶರ್ ನಾವು ಅಂದುಕೊಂಡದ್ದಕ್ಕಿಂತ ಮೇಲೆ ಇರ್ತದೆ.

ಉಸಿರಿನ ವಿಷಯ ಸಂಜೆ ಬರೀತೇನೆ, ಕ್ಲಿನಿಕ್‌ನಲ್ಲಿ ಜನ ಇದ್ದಾರೆ.

ಫಿಸಿಯೋ_ಮಣಿಪಾಲ:
ಡಾಕ್ಟ್ರೆ ಒಂದು ಡೌಟು. ನಾವು ಮನುಷ್ಯರಿಗೆ ಪೂಲ್ ಥೆರಪಿ ಕೊಡುವಾಗ ಹಾರ್ಟ್ ರೇಟ್ ನೆಲದಲ್ಲಿ ಮಾಡುವ ಅದೇ ಕೆಲಸಕ್ಕಿಂತ ಕಡಿಮೆ ಬರ್ತದೆ, ಈಜುವವರ ಗರಿಷ್ಠ ರೇಟೂ ಓಡುವವರಿಗಿಂತ ಒಂದು ಹತ್ತು ಬೀಟ್ ಕಮ್ಮಿ. ನೀರು ಕಾಲಿನ ರಕ್ತವನ್ನು ಎದೆಗೆ ತಳ್ಳೋದ್ರಿಂದ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ಹೋಗ್ತದೆ ಅಂತ ನಾವು ಓದಿದ್ದು. ಕುದುರೆಗೆ ಹಾಗೆ ಇಲ್ವಾ?

ಡಾಕ್ಟ್ರು_ದನಕುದುರೆ:
ಒಳ್ಳೆ ಪ್ರಶ್ನೆ. ಕುದುರೆಯಲ್ಲೂ ಈಜುವಾಗ ಸಾಮಾನ್ಯವಾಗಿ ಗ್ಯಾಲಪ್‌ನ ಗರಿಷ್ಠದವರೆಗೆ ಹೋಗೋದಿಲ್ಲ, ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಏರುವ ವಸ್ತು) ಕೂಡ ಜೋರು ಗ್ಯಾಲಪ್‌ನಷ್ಟು ಏರೋದಿಲ್ಲ, ಅಭ್ಯಾಸ ಆದ ಕುದುರೆಯಲ್ಲಂತೂ ಇಲ್ಲ. ಆ ಮಟ್ಟಿಗೆ ಇದು ಏರೋಬಿಕ್, ಅಂದ್ರೆ ಆಕ್ಸಿಜನ್ ಬಳಸಿ ಮಾಡುವ ಕೆಲಸವೇ. ಆದ್ರೆ ನಿಮ್ಮ ಪೇಶೆಂಟ್ ಸುಸ್ತಾದ್ರೆ ಮಲಗಿ ತೇಲ್ತಾನೆ, ಗೋಡೆ ಹಿಡ್ಕೊಂಡು ನಿಲ್ತಾನೆ. ಕುದುರೆಗೆ ಅದು ಎರಡೂ ಇಲ್ಲ.

ಈಗ ಉಸಿರು. ಕುದುರೆ ಬಾಯಲ್ಲಿ ಉಸಿರಾಡೋದಿಲ್ಲ, ಮೂಗು ಒಂದೇ ದಾರಿ. ಗ್ಯಾಲಪ್‌ನಲ್ಲಿ ಒಂದು ಹೆಜ್ಜೆಗೆ ಒಂದು ಉಸಿರು, ಲೆಕ್ಕ ತಪ್ಪೋದಿಲ್ಲ, ನಿಮಿಷಕ್ಕೆ 120ರ ಮೇಲೆ ಹೋಗ್ತದೆ. ನೀರಲ್ಲಿ ಈ ತಾಳವೇ ಬೇರೆ. ಚಕ್ಕಂತ ಎಳ್ಕೊಳ್ತದೆ, ಒಳಗೇ ಹಿಡಿದಿಟ್ಟುಕೊಳ್ತದೆ, ಆಮೇಲೆ ಉದ್ದಕ್ಕೆ ಸದ್ದು ಮಾಡಿ ಬಿಡ್ತದೆ, ನಿಮಿಷಕ್ಕೆ ಸುಮಾರು 30ರ ಆಸುಪಾಸು ಅಷ್ಟೆ. ಯಾಕೆ ಹಿಡಿದಿಡ್ತದೆ ಅಂದ್ರೆ ತೇಲ್ಲಿಕ್ಕೆ. ನಾವು ಸಣ್ಣವರಿರುವಾಗ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಕೆರೆಗೆ ಇಳಿಸ್ತಿದ್ರಲ್ಲ, ಕುದುರೆಗೆ ಆ ತೆಂಗಿನಕಾಯಿ ಅದರ ಶ್ವಾಸಕೋಶವೇ. ಖಾಲಿ ಮಾಡಿದ್ರೆ ಮುಳುಗ್ತದೆ.

ಜೊತೆಗೆ ಎದೆಗೂಡನ್ನು ನೀರು ಹೊರಗಿಂದ ಒತ್ತುವಾಗ ಉಸಿರು ಎಳೆಯೋದೇ ಒಂದು ಕೆಲಸ. ಉಸಿರಿನ ಸ್ನಾಯುಗಳಿಗೆ ವ್ಯಾಯಾಮ ಸಿಗ್ತದೆ, ಅದು ಲಾಭ. ನಷ್ಟ ಎಂತ ಅಂದ್ರೆ ಕೆಲಸ ಜೋರಾಗಿ, ಉಸಿರು ಕಡಿಮೆ ಆಗಿ, ರಕ್ತದಲ್ಲಿ ಆಕ್ಸಿಜನ್ ಇಳೀಬಹುದು, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರ್ತದೆ. ಓಡಿದ ಮೇಲೆ ಮೂಗಲ್ಲಿ ರಕ್ತ ಬರುವ ಕುದುರೆಗಳು ಇರ್ತವಲ್ಲ, ಅಂಥದ್ದು ಈಜಿದ ಮೇಲೂ ಆದದ್ದುಂಟು. ಮಲ್ಪೆಬದಿಯವರೇ, ನಿಮ್ಮ ಕುದುರೆಗೆ ರೇಸ್ ಕಾಲದಲ್ಲಿ ಆ ತೊಂದರೆ ಇತ್ತಾ ಅಂತ ವಿಚಾರಿಸಿ, ಇದ್ದಿದ್ರೆ ಈಜಿನ ವಿಷಯ ಇಲ್ಲಿಗೇ ಬಿಡಿ.

ಹಳೇ_ಸೈಸ್:
ನಾನು ಬೆಂಗಳೂರಲ್ಲಿ ರೇಸ್ ಕುದುರೆ ನೋಡಿಕೊಂಡಿದ್ದವ, ಈಗ ಸುರತ್ಕಲ್‌ನಲ್ಲಿ ಮಗನ ಮನೆ. ಡಾಕ್ಟ್ರು ಹೇಳಿದ ಸದ್ದು ನನಗೆ ಚೆನ್ನಾಗಿ ಗೊತ್ತು, ಒಳ್ಳೆ ಈಜುವ ಕುದುರೆ ತಾಳ ಹಾಕಿದ ಹಾಗೆ ಒಂದೇ ಲೆಕ್ಕದಲ್ಲಿ ಊದ್ತದೆ, ಆ ಲೆಕ್ಕ ತಪ್ಪಿತು, ಊದೋದು ಗಡಿಬಿಡಿ ಆಯ್ತು ಅಂದ್ರೆ ಕೂಡ್ಲೆ ಹೊರಗೆ ತರ್ಬೇಕು, ಇನ್ನೊಂದು ರೌಂಡ್ ಅಂತ ಆಸೆ ಮಾಡ್ಬಾರ್ದು. ಮೂಗಲ್ಲಿ ರಕ್ತ ಬಂದ ಕುದುರೆಯನ್ನು ನಮ್ಮ ಟ್ರೇನರ್ ಪೂಲ್ ಹತ್ರಾನೂ ಬಿಡ್ತಿರ್ಲಿಲ್ಲ.

ಕುದುರೆ ಪೂಲ್ ಅಂದ್ರೆ ಮನುಷ್ಯರ ಪೂಲ್ ಹಾಗಲ್ಲ. ರೌಂಡ್ ಇರ್ತದೆ, ಕಾಲಿಗೆ ತಳ ಸಿಗದಷ್ಟು ಆಳ, ಇಳೀಲಿಕ್ಕೆ ಹತ್ತಲಿಕ್ಕೆ ಇಳಿಜಾರು, ಅದಕ್ಕೆ ರಬ್ಬರ್ ಮ್ಯಾಟ್. ಎರಡೂ ಬದಿ ಒಬ್ಬೊಬ್ಬ ಉದ್ದ ಹಗ್ಗ ಹಿಡಿದು ದಂಡೆಯಲ್ಲಿ ನಡೀತಾನೆ. ಹಗ್ಗ ತಲೆಯನ್ನು ಕೆಳಗೆ ಎಳೀಬಾರದು, ಕುದುರೆಗೆ ಕತ್ತು ಮೇಲೆತ್ತಲಿಕ್ಕೆ ಫ್ರೀ ಬೇಕು. ಮಾರ್ಟಿಂಗೇಲ್ (ತಲೆ ಮೇಲೆತ್ತದ ಹಾಗೆ ಕಟ್ಟುವ ಪಟ್ಟಿ) ಹಾಕಿ ನೀರಿಗಿಳಿಸಿದ್ರೆ ಮುಳುಗಿಸಿದ ಹಾಗೇ. ನೀವು ನೀರಲ್ಲಿ ಜೊತೆಗಿದ್ರೆ ಭುಜದ ಪಕ್ಕದಲ್ಲಿ ಇರಿ, ಹಿಂದೆ ಹೋಗ್ಬೇಡಿ, ಹಿಂಗಾಲು ಒದೆಯುವ ಜೋರು ನೀರಿನ ಮೇಲಿಂದ ಕಾಣೋದಿಲ್ಲ.

ಇನ್ನೊಂದು ನೋಡಿದ್ದು ಹೇಳ್ತೇನೆ. ಕಾಲು ನೋವಿನ ಕುದುರೆ ಪೂಲಲ್ಲೇ ಕೆಲಸ ಮಾಡಿ ಮೈ ಮಿರಮಿರ ಮಿಂಚಿ, ಹೊಟ್ಟೆ ಕರಗಿ, ಹೊರಗೆ ಬಂದಾಗ ಹಾರಾಡ್ತದೆ. ಮಾಲೀಕರಿಗೆ ಖುಷಿ, ಟ್ರ್ಯಾಕಿಗೆ ಬಿಡಿ ಅಂತಾರೆ. ಬಿಟ್ಟ ಮೇಲೆ ಸ್ವಲ್ಪ ದಿನದಲ್ಲಿ ಅದೇ ಕಾಲು ಮತ್ತೆ ಹೋಯ್ತು. ಇದನ್ನು ನಾನು ಒಂದಲ್ಲ ಸುಮಾರು ಸಲ ನೋಡಿದ್ದೇನೆ.

ಡಾಕ್ಟ್ರು_ದನಕುದುರೆ:
ಸೈಸ್ ಅಣ್ಣ, ನಾನು ಎಷ್ಟು ಬರೆದ್ರೂ ನೀವು ಹೇಳಿದ ಆ ಕೊನೆಯ ಮಾತಿನಷ್ಟು ಆಗೋದಿಲ್ಲ. ಕಾರಣ ಮಾತ್ರ ಸೇರಿಸ್ತೇನೆ. ಹಾರ್ಟು, ರಕ್ತ, ಸ್ನಾಯು ಇವು ಕೆಲವು ವಾರದಲ್ಲೇ ಸುಧಾರಿಸ್ತವೆ. ಟೆಂಡನ್ನು ಮತ್ತೆ ಮೂಳೆ ಹಾಗಲ್ಲ. ಕಾಲಿನ ಹಿಂಬದಿಯ ಆ ದೊಡ್ಡ ಟೆಂಡನ್ ಹರಿದ್ರೆ ಗುಣ ಆಗ್ಲಿಕ್ಕೆ 9-12 ತಿಂಗಳು ಬೇಕು, ಅದೂ ಸರಿಯಾದ ಸಮಯಕ್ಕೆ ಸರಿಯಾದ ಭಾರ ಕೊಟ್ರೆ, ಆ ಭಾರದ ದಿಕ್ಕಿಗೇ ಹೊಸ ನಾರುಗಳು ಸಾಲಾಗಿ ಕೂರ್ತವೆ. ಮೂಳೆಯದ್ದೂ ಅಷ್ಟೆ, ನೆಲದ ಪೆಟ್ಟು ಬಿದ್ದಲ್ಲೇ ಅದು ಗಟ್ಟಿ ಆಗೋದು. ನೀರಲ್ಲಿ ಈ ಭಾರವೇ ಇಲ್ಲ, ಈಜಿನ ಲಾಭವೂ ಅದೇ, ಅಪಾಯವೂ ಅದೇ. ಒಳಗಿನ ಎಂಜಿನ್ ರೆಡಿ, ಕಾಲು ಮಾತ್ರ ಹಿಂದಿನ ಸ್ಟೇಶನ್‌ನಲ್ಲೇ ನಿಂತಿರ್ತದೆ, ಕುದುರೆಗೆ ಅದು ಗೊತ್ತಾಗೋದಿಲ್ಲ, ಹುಮ್ಮಸ್ಸಿನಲ್ಲಿ ಓಡಿಬಿಡ್ತದೆ.

ಕರೆಬದಿಯವ:
ಡಾಕ್ಟ್ರೆ ಹಾಗಾದ್ರೆ ನಮ್ಮ ಕೋಣಗಳು? 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರ್ 13.62 ಸೆಕೆಂಡಲ್ಲಿ ಓಡಿಸಿದ್ದು ಇಡೀ ದೇಶಕ್ಕೆ ಗೊತ್ತುಂಟು. ಈಜಿಸಿದ್ರಿಂದ ಕಾಲು ಮೆದು ಆಗೋದಾಗಿದ್ರೆ ಕೋಣಗಳು ಆ ಸ್ಪೀಡಲ್ಲಿ ಓಡ್ತಿದ್ವಾ?

ಡಾಕ್ಟ್ರು_ದನಕುದುರೆ:
ಮೆದು ಆಗ್ತದೆ ಅಂತ ನಾನು ಹೇಳಿಲ್ಲ ಅಣ್ಣ, ಗಟ್ಟಿ ಆಗೋದಿಲ್ಲ ಅಂದದ್ದು. ನೀವು ಬರೀ ಈಜಿಸಿ ಕರೆಗೆ ಇಳಿಸ್ತೀರಾ? ಇಲ್ಲ. ಕುದಿ ಕಂಬಳ, ಅಂದ್ರೆ ಅಭ್ಯಾಸದ ಓಟ, ಮಾಡ್ತೀರಿ, ಗದ್ದೆಯಲ್ಲಿ ಓಡಿಸ್ತೀರಿ, ನಡೆಸ್ತೀರಿ. ಕರೆಯಲ್ಲಿ ಕೆಸರು ನೀರು ಇರ್ತದೆ, ಗಟ್ಟಿ ಟ್ರ್ಯಾಕಿನ ಪೆಟ್ಟು ಇಲ್ಲ, ಓಟವೂ ಕೆಲವೇ ಸೆಕೆಂಡ್. ರೇಸ್ ಕುದುರೆಯ ಒಂದು ಸಣ್ಣ ಓಟ ಅಂದ್ರೂ 1000-1200 ಮೀಟರ್, ಒಂದು ನಿಮಿಷದ ಆಸುಪಾಸು, ಬೆನ್ನ ಮೇಲೆ ಜಾಕಿ ಬೇರೆ. ನಿಮ್ಮ ಪದ್ಧತಿಯಲ್ಲಿ ಈಜು ಒಂದು ಪಾಲು ಮಾತ್ರ, ಅದು ಸರಿಯಾಗೇ ಉಂಟು. ಕುದುರೆಗೂ ಅಷ್ಟೇ ಪಾಲು ಕೊಟ್ರೆ ನನ್ನ ತಕರಾರಿಲ್ಲ.

ಕರೆಬದಿಯವ:
ಹಾಂ ಹಾಗೆ ಹೇಳಿದ್ರೆ ಒಪ್ಪಬಹುದು. ಕುದಿ ಕಂಬಳ ಬಿಟ್ಟು ಬರೀ ಪೂಲಲ್ಲಿ ಬೆಳೆಸಿದ ಜೋಡಿ ಕರೆಯಲ್ಲಿ ನಿಲ್ಲೋದಿಲ್ಲ, ಅದು ನಮಗೂ ಗೊತ್ತು.

ತಣ್ಣೀರುಬಾವಿ_ತೀರ:
ಆದ್ರೆ ಇಂಗ್ಲೆಂಡಿನ ರೆಡ್ ರಮ್ ಅಂತ ಕುದುರೆ 1973, 1974, 1977 ಮೂರು ಸಲ ಅಲ್ಲಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಗೆದ್ದದ್ದು ಸಮುದ್ರದ ನೀರಿನಿಂದಲೇ ಅಂತ ಕೇಳಿದ್ದೆ, ಗೊರಸಿನೊಳಗಿನ ಮೂಳೆಯ ರೋಗ ಇತ್ತಂತೆ ಅದಕ್ಕೆ. ಬಾರ್ಬಡೋಸ್‌ನಲ್ಲಿ ರೇಸ್ ಕುದುರೆಗಳನ್ನು ಬೆಳಿಗ್ಗೆ ಬೆಳಿಗ್ಗೆ ಸಮುದ್ರದಲ್ಲಿ ಈಜಿಸುವ ವಿಡಿಯೋ ಬೇಕಾದಷ್ಟು ಉಂಟು. ನಮ್ಮಲ್ಲಿ ಇಷ್ಟು ಉದ್ದದ ಬೀಚ್ ಇಟ್ಕೊಂಡು ಬರೀ ಟೂರಿಸ್ಟ್‌ಗಳನ್ನು ಕೂರಿಸಿ ಫೋಟೋ ತೆಗಿಸೋದು ಮಾತ್ರ.

ಡಾಕ್ಟ್ರು_ದನಕುದುರೆ:
ರೆಡ್ ರಮ್ ಸೌತ್‌ಪೋರ್ಟ್‌ನ ಮರಳಲ್ಲಿ ಓಡಿದ್ದು, ಅಲೆಯ ನೀರಲ್ಲಿ ನಡೆದದ್ದು. ಅದು ಈಜಲ್ಲ. ಮಲ್ಪೆಬದಿಯವರಿಗೆ ನನ್ನ ಸಲಹೆಯೂ ಆ ಬದಿಯೇ, ಈಜಿಗಿಂತ ಮೊದಲು ನೀರಲ್ಲಿ ನಡೆಸೋದು. ನೀರು ಮೊಣಕೈ ಮಟ್ಟಕ್ಕಿದ್ರೆ ಕಾಲಿನ ಮೇಲಿನ ಭಾರ ನೂರಕ್ಕೆ 10-15 ಕಡಿಮೆ ಆಗ್ತದೆ, ಭುಜದ ಮಟ್ಟಕ್ಕೆ ಬಂದ್ರೆ 30ರ ಹತ್ತಿರ, ಸೊಂಟದ ಮೂಳೆ ಮಟ್ಟಕ್ಕೆ ಬಂದ್ರೆ ಸುಮಾರು 75. ಅಂದ್ರೆ 450 ಕಿಲೋದ ಕುದುರೆ ಅಲ್ಲಿ ಕಾಲ ಮೇಲೆ ಹೊರೋದು 110 ಕಿಲೋ ಚಿಲ್ಲರೆ. ಎಷ್ಟು ಆಳಕ್ಕೆ ಇಳಿಸ್ತೀರೋ ಅದರ ಮೇಲೆ ಭಾರ ನಿಮ್ಮ ಕೈಯಲ್ಲಿ ಉಂಟು, ವಾರ ಹೋದ ಹಾಗೆ ನೀರು ಕಡಿಮೆ ಮಾಡ್ತಾ ಬಂದ್ರೆ ಕಾಲಿಗೆ ಭಾರ ವಾಪಸ್ ಸಿಗ್ತಾ ಬರ್ತದೆ. ಈಜಿನಲ್ಲಿ ಈ ಕಂಟ್ರೋಲ್ ಇಲ್ಲ.

ಬೆನ್ನಿನದ್ದೂ ಒಂದು ವಿಷಯ. ನಡೆಯುವಾಗ ಕುದುರೆ ಕತ್ತು ಇಳಿಸಿ ಬೆನ್ನು ಸಡಿಲ ಮಾಡ್ತದೆ. ಈಜುವಾಗ ತಲೆ ಮೇಲೆ, ಬೆನ್ನು ಒಳಕ್ಕೆ ಬಗ್ಗಿ, ಮುಂಗಾಲು ಹೆಚ್ಚಾಗಿ ಬ್ಯಾಲೆನ್ಸಿಗೆ, ಹಿಂಗಾಲಿಂದ ಜೋರಾಗಿ ತಳ್ಳೋದು. ಬೆನ್ನು ನೋವಿನ ಕುದುರೆಗೆ, ಹಿಂಗಾಲಿನ ಮಂಡಿಯ ತೊಂದರೆ ಇದ್ದದ್ದಕ್ಕೆ ಇದು ಆಗೋದಿಲ್ಲ. ನಿಮ್ಮದಕ್ಕೆ ಮುಂಗಾಲು ಆದ ಕಾರಣ ಆ ಮಟ್ಟಿಗೆ ಸಮ.

ಮಲ್ಪೆಬದಿ:
ಡಾಕ್ಟ್ರೆ ತುಂಬ ಉಪಕಾರ. ಹಾಗಾದ್ರೆ ಬೀಚಾ, ಹೊಳೆಯಾ, ಇಲ್ಲ ನಮ್ಮ ತೋಟದ ಕೆರೆಯಾ? ಕೆರೆ ಮನೆ ಹಿಂದೆಯೇ ಉಂಟು.

ಪಣಂಬೂರು_ಈಜು:
ಸಮುದ್ರದ ವಿಷಯ ನಾನು ಹೇಳ್ತೇನೆ, ದಿನಾ ಅಲ್ಲೇ ಇರೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಸರೇ ಎತ್ಬೇಡಿ, ಮನುಷ್ಯರನ್ನೇ ಇಳಿಸೋದಿಲ್ಲ. ಉಳಿದ ತಿಂಗಳಲ್ಲೂ ಅಲೆ ಒಡೆಯುವ ಎರಡು ಜಾಗದ ಮಧ್ಯೆ ನೀರು ಶಾಂತವಾಗಿ ಕಾಣ್ತದಲ್ಲ, ಸೇಫ್ ಅಂತ ಜನ ಅಲ್ಲೇ ಇಳಿಯೋದು, ಹೊರಗೆ ಎಳೆಯುವ ಕರೆಂಟ್ ಇರೋದೂ ಅಲ್ಲೇ. ಅಳಿವೆ ಬಾಗಿಲಲ್ಲಿ ಇಳಿತದ ಹೊತ್ತಲ್ಲಿ ಯಾವತ್ತೂ ಬೇಡ. ಅಮೆರಿಕದಲ್ಲಿ ಚಿಂಕೊಟೀಗ್ ಅಂತ ದ್ವೀಪ, ಪ್ರತಿ ಜುಲೈಯಲ್ಲಿ ಕಾಡು ಪೋನಿಗಳ ಹಿಂಡನ್ನೇ ಕಾಲುವೆ ಈಜಿಸಿ ದಾಟಿಸ್ತಾರೆ, ಅವರು ಕೂಡ ಏರಿತ ಇಳಿತ ಎರಡೂ ಇಲ್ಲದೆ ನೀರು ನಿಂತ ಹೊತ್ತು ಕಾದೇ ಬಿಡೋದು. ಮೀನುಗಾರರ ಹತ್ರ ಕೇಳಿದ್ರೆ ಆ ಹೊತ್ತು ನಿಮಿಷದ ಲೆಕ್ಕದಲ್ಲಿ ಹೇಳ್ತಾರೆ. ಭಾನುವಾರ ಸಂಜೆ ಮಲ್ಪೆಯಲ್ಲಿ ಜನರ ಮಧ್ಯೆ ಇಳಿಸ್ಬೇಡಿ ದಯವಿಟ್ಟು, ಬೆಳಿಗ್ಗೆ ಬೇಗ ಬನ್ನಿ, ಸಗಣಿ ಬಿದ್ರೆ ತೆಗೀರಿ.

ಡಾಕ್ಟ್ರು_ದನಕುದುರೆ:
ಕೆರೆ ಬೇಡ. ಮಳೆಗಾಲದ ನಿಂತ ನೀರಲ್ಲಿ ಪೈಥಿಯಂ ಅಂತ ಒಂದು ಸೂಕ್ಷ್ಮಜೀವಿ ಇರ್ತದೆ, ಕುದುರೆಯ ಕಾಲಲ್ಲಿ ಹೊಟ್ಟೆಯಲ್ಲಿ ಸಣ್ಣ ಗಾಯ ಇದ್ರೆ ಅಲ್ಲಿಂದ ಸೇರಿ ವಾಸಿಯಾಗದ ದೊಡ್ಡ ಹುಣ್ಣು ಮಾಡ್ತದೆ, ಹಿಂದಿನ ಕಾಲದ ಕುದುರೆಯವರು ಬರ್ಸಾತಿ ಹುಣ್ಣು ಅಂತ ಹೇಳ್ತಿದ್ರು. ಮಾಮೂಲು ಆಂಟಿಬಯೋಟಿಕ್‌ಗೆ ಬಗ್ಗೋದಿಲ್ಲ. ಇಲಿಜ್ವರ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಪ್ರತಿ ಮಳೆಗಾಲ ಉಂಟು, ಆ ಬ್ಯಾಕ್ಟೀರಿಯಾ ಕುದುರೆಗೆ ಬಂದ್ರೆ ಕಣ್ಣೊಳಗೆ ಮತ್ತೆ ಮತ್ತೆ ಉರಿಯೂತ ಬಂದು ದೃಷ್ಟಿ ಹೋಗುವ ಸಾಧ್ಯತೆಯೂ ಇದೆ. ನೀವೂ ಅದೇ ನೀರಲ್ಲಿ ನಿಲ್ತೀರಿ, ಅದೂ ನೆನಪಿರಲಿ. ಉಪ್ಪುನೀರು ವಾಸಿ, ಆದ್ರೆ ಬಂದ ಮೇಲೆ ಬಾವಿ ನೀರಲ್ಲಿ ತೊಳೀಲೇಬೇಕು, ಇಲ್ಲದಿದ್ರೆ ಚರ್ಮ ಒಣಗಿ ತುರಿಕೆ. ಗೊರಸು ದಿನಾ ನೆನೆದ್ರೆ ಮೆದು ಆಗಿ ಲಾಳದ ಮೊಳೆ ಸಡಿಲ ಆಗ್ತದೆ, ಗೊರಸಿನ ತಳ ಕೊಳೀತದೆ, ಒಣಗಿದ ಜಾಗದಲ್ಲಿ ನಿಲ್ಲಿಸಿ.

ಸೆಕೆಯದ್ದೂ ಹೇಳ್ಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟು ಅಂತ ಗೊತ್ತುಂಟಲ್ಲ, ಬೆವರು ಹರೀತದೆ ಹೊರತು ಆರೋದಿಲ್ಲ, ಆರದ ಬೆವರಿನಿಂದ ಮೈ ತಂಪಾಗೋದಿಲ್ಲ. ಇಂಥ ಹವೆಯಲ್ಲಿ ಕೆಲವು ಕುದುರೆಗಳು ಬೆವರೋದನ್ನೇ ನಿಲ್ಲಿಸ್ತವೆ, ಚರ್ಮ ಒಣಕಲು, ಮೂಗಿನ ಹೊಳ್ಳೆ ಅರಳಿಸಿ ಏದುಸಿರು. ಮಲ್ಪೆಬದಿಯವರೇ, ನೀವು ಬರೆದ ಏದುಸಿರು ಬರೀ ಹೊಟ್ಟೆ ಬಂದದ್ದರಿಂದ ಅಂತ ಅಂದುಕೊಳ್ಬೇಡಿ, ನಡೆಸಿದ ಮೇಲೆ ಕತ್ತಿನ ಕೆಳಗೆ, ತಡಿ ಕೂರುವ ಜಾಗದಲ್ಲಿ ಬೆವರು ಉಂಟಾ ನೋಡಿ. ನೀರಿನ ಒಂದು ದೊಡ್ಡ ಗುಣ ಅಂದ್ರೆ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೀತದೆ, ಬೆವರಿನ ಹಂಗಿಲ್ಲ. ನಮ್ಮ ಸಮುದ್ರ 28-30 ಡಿಗ್ರಿ ಇರೋದು, ಅಷ್ಟೇನೂ ತಂಪಲ್ಲ, ಆದ್ರೂ ಕುದುರೆಯ 38 ಡಿಗ್ರಿಗಿಂತ ಕಡಿಮೆಯೇ.

ಫಿಸಿಯೋ_ಮಣಿಪಾಲ:
ಹೊರಗೆ ಬಂದ ಮೇಲೆ ಟವೆಲ್‌ನಲ್ಲಿ ಒರೆಸ್ಬೇಕಾ, ಹಾಗೇ ಬಿಡೋದಾ?

ಹಳೇ_ಸೈಸ್:
ನೀರು ಎಳೆಯುವ ಸ್ಕ್ರೇಪರ್ ಸಿಗ್ತದೆ, ಅದರಲ್ಲಿ ಎಳೀರಿ, ಮೈಯಲ್ಲಿ ನಿಂತ ನೀರು ಇಲ್ಲಿನ ಸೆಕೆಗೆ ಬೇಗ ಬಿಸಿ ಆಗ್ತದೆ. ಆಮೇಲೆ ನಡೆಸಿ, ಕಟ್ಟಿ ಹಾಕ್ಬೇಡಿ. ನೀರಿಗಿಳಿಸುವ ಮೊದಲೂ ಹತ್ತು ನಿಮಿಷ ನಡೆಸಿ.

ಹ್ವಾಯ್_ಕುಂದಾಪ್ರ:
ಮಲ್ಪೆಯವ್ರೆ, ಪಕ್ಕದ್ಮನಿ ಅಣ್ಣಂಗೆ ಇದೆಲ್ಲ ಓದಿ ಹೇಳಿ ಕಾಂಬ, ಅಷ್ಟೊತ್ತಿಗೆ ಅವ್ರ್ ಕೋಣ ಎರಡ್ ರೌಂಡ್ ಈಜಿ ಬಂದಾಯ್ತ್ 😀

ಮಲ್ಪೆಬದಿ:
ಅವರಿಗೆ ಆಗಲೇ ಓದಿ ಹೇಳಿದೆ, "ನಾನು ಹೇಳಿದ್ದೂ ಅದೇ ಅಲ್ವಾ" ಅಂದ್ರು. ಸರಿ, ಮಳೆ ಮುಗಿದ ಮೇಲೆ ನೀರು ನಿಂತ ಹೊತ್ತಲ್ಲಿ ಅಲೆ ಕಡಿಮೆ ಇರುವ ಬದಿಯಲ್ಲಿ ಹೊಟ್ಟೆ ಮಟ್ಟದ ನೀರಲ್ಲಿ ನಡೆಸೋದು, ಅದಕ್ಕೆ ಮೊದಲು ಇನ್ನೊಂದು ಸಲ ಸ್ಕ್ಯಾನ್, ಈಜು ಸದ್ಯಕ್ಕೆ ಇಲ್ಲ. ಬೆವರು ನೋಡಿದೆ ಡಾಕ್ಟ್ರೆ, ಕತ್ತಿನ ಕೆಳಗೆ ಉಂಟು, ಆ ಹೆದರಿಕೆ ಹೋಯ್ತು. ಒಂದೇ ಪ್ರಶ್ನೆ, ಕೆಲಸ ಜಾಸ್ತಿ ಆಯ್ತಾ ಅಂತ ನೋಡ್ಲಿಕ್ಕೆ ಹಾರ್ಟ್ ರೇಟ್ ಮಾನಿಟರ್ ತರಿಸ್ಬೇಕಾ? ಆನ್‌ಲೈನಲ್ಲಿ ರೇಟ್ ನೋಡಿ ತಲೆ ತಿರುಗಿತು.

ಡಾಕ್ಟ್ರು_ದನಕುದುರೆ:
ಬೇಡ. ಒಂದು ಸಾಧಾರಣ ಸ್ಟೆತೊಸ್ಕೋಪ್ ಸಾಕು. ಎಡಬದಿಯಲ್ಲಿ ಮೊಣಕೈಯ ಹಿಂದೆ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಲಬ್ ಡಬ್ ಎರಡೂ ಸೇರಿ ಒಂದು. ದೂರದ ಎಂಡ್ಯೂರೆನ್ಸ್ ರೇಸಲ್ಲಿ ಕುದುರೆ ಮುಂದೆ ಹೋಗ್ಬೇಕಾದ್ರೆ ವೆಟ್ ಚೆಕ್ಕಲ್ಲಿ 64ಕ್ಕೆ ಇಳಿದಿರ್ಬೇಕು ಅಂತ ಲೆಕ್ಕ. ನಿಮ್ಮದು ನೀರಿಂದ ಬಂದು 15 ನಿಮಿಷಕ್ಕೆ 60ರ ಕೆಳಗೆ ಬರದಿದ್ರೆ ಮರುದಿನ ಅರ್ಧ ಮಾಡಿ. ಮತ್ತೆ ದಿನಾ ಬೆಳಿಗ್ಗೆ ನೀರಿಗೆ ಹೋಗುವ ಮೊದಲು ಆ ಟೆಂಡನ್ ಮೇಲೆ ಕೈ ಆಡಿಸಿ, ಇನ್ನೊಂದು ಕಾಲಿಗಿಂತ ಬಿಸಿ ಅನ್ನಿಸಿದ್ರೆ ಆ ದಿನ ರಜೆ, ಎರಡು ದಿನ ಬಿಸಿ ಇದ್ರೆ ಸ್ಕ್ಯಾನ್ ಮಾಡಿದವರಿಗೆ ಫೋನ್ ಮಾಡಿ.